ಸ್ಪಷ್ಟನೆ: ಕತ್ತಿ ನೀಲಿಗಟ್ಟಿದರೆ ಹದ ಬಂದಂತಲ್ಲ

ಕಾಫಿ ಕೊಯ್ಲು ಮುಗಿದು ರೆಂಬೆ ಸವರುವ ಹೊತ್ತಿಗೆ ನಮ್ಮ ವಿರಾಜಪೇಟೆ ಕಡೆ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: ಸಾಣೆಕಲ್ಲು ತಿರುಗಿಸುವ ಬೆಂಚ್ ಗ್ರೈಂಡರ್‌ಗೆ ಕತ್ತಿಯ ಬಾಯಿ ನೀಲಿಯಾಗುವವರೆಗೆ ಹಿಡಿದು ನೀರಿಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದಂತೆ. ಇದು ತಪ್ಪು.

ನೀಲಿ ಬಂತೆಂದರೆ ಅಲಗು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಇದ್ದ ಹದವೂ (ಉಕ್ಕಿನ ಗಡಸುತನ) ಇಳಿದಿದೆ ಎಂದರ್ಥ. ಆಮೇಲೆ ನೀರಿಗೆ ಅದ್ದಿದರೆ ಅದು ವಾಪಸ್ ಬರುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ಉಕ್ಕು ಮಾತ್ರ ಹಾಗೆ ಗಟ್ಟಿಯಾಗುವುದು. ನಾನೇ ಒಂದು ಒಳ್ಳೆಯ ಕತ್ತಿಯನ್ನು ಹೀಗೆ ಕಳೆದುಕೊಂಡೆ. ನಾಲ್ಕು ರೋಬಸ್ಟಾ ರೆಂಬೆ ಕಡಿಯುವಷ್ಟರಲ್ಲಿ ಬಾಯಿ ಮಡಚಿಕೊಂಡಿತು.

ಸಾಣೆ ಹಿಡಿಯುವಾಗ ಪಕ್ಕದಲ್ಲೇ ನೀರಿಟ್ಟುಕೊಳ್ಳಿ. ಅಲಗನ್ನು ಒಂದೇ ಕಡೆ ಒತ್ತದೆ ಹಗುರವಾಗಿ ಎಳೆಯಿರಿ, ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದಿ. ತೆಳುವಾದ ತುದಿ ಎಲ್ಲಕ್ಕಿಂತ ಮೊದಲು ಸುಡುತ್ತದೆ, ಅಲ್ಲಿ ಹುಷಾರು. ಕಲ್ಲಿನ ಮೈ ಹೊಳಪುಗಟ್ಟಿದ್ದರೆ, ಕಲ್ಲಿನ ಮೈ ಒರಟಾಗಿಸುವ ಸಾಧನವಾದ ಡ್ರೆಸ್ಸರ್‌ನಿಂದ ಕೆರೆಯಿರಿ. ಹೊಳೆಯುವ ಕಲ್ಲು ಕೊರೆಯುವುದಕ್ಕಿಂತ ಕಾಯಿಸುವುದೇ ಹೆಚ್ಚು. ಹೊಸ ಕಲ್ಲು ಕೊಳ್ಳುವುದಾದರೆ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕೇಳಿ.

ಅದೇ ಸಂದೇಶದಲ್ಲಿ 6 ಇಂಚಿನ ಯಂತ್ರಕ್ಕೆ ಗಾರ್ಡ್ (ಕಲ್ಲಿನ ಸುತ್ತಲಿನ ರಕ್ಷಣಾ ಕವಚ) ಬಿಚ್ಚಿ 8 ಇಂಚಿನ ಕಲ್ಲು ಹಾಕಬಹುದು ಎಂದೂ ಇದೆ. ದಯವಿಟ್ಟು ಹಾಕಬೇಡಿ, ಕಲ್ಲು ಸಿಡಿದರೆ ತಡೆಯಲು ಅಲ್ಲಿ ಏನೂ ಇರುವುದಿಲ್ಲ.