ಲೆನಿನ್‌ಗೆ ಮಣ್ಣು ಕೊಡಬೇಕೇ?

ಮಾಸ್ಕೋದ ಕೆಂಪು ಚೌಕದಲ್ಲಿ, ಕ್ರೆಮ್ಲಿನ್ ಗೋಡೆಯ ಮುಂದೆ, ಕೆಂಪು ಮತ್ತು ಕಪ್ಪು ಕಲ್ಲಿನ ಒಂದು ಸಮಾಧಿ ಮಂದಿರವಿದೆ. ಮೆಟ್ಟಿಲಿಳಿದು ಒಳಗೆ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ, 1917ರ ರಷ್ಯಾ ಕ್ರಾಂತಿಯ ನಾಯಕ ಲೆನಿನ್ ಮಲಗಿದ್ದಾರೆ. ತೀರಿಕೊಂಡಿದ್ದು 1924ರ ಜನವರಿ 21ರಂದು. ನೂರು ವರ್ಷ ದಾಟಿದರೂ ಮಣ್ಣಾಗಿಲ್ಲ. ಮಣ್ಣು ಮಾಡಬೇಕೇ ಬೇಡವೇ ಅನ್ನುವ ಜಗಳ ರಷ್ಯಾದಲ್ಲಿ ಮೂವತ್ತು ವರ್ಷಗಳಿಂದ ನಡೆದೇ ಇದೆ. ಎರಡೂ ಕಡೆಯ ವಾದ ನನ್ನನ್ನು ಕಾಡಿದೆ. ಎರಡನ್ನೂ ಮನಸ್ಸಿಟ್ಟು ಬರೆದಿದ್ದೇನೆ.

ಪರ: ಆ ಒಂದು ಹಿಡಿ ಮಣ್ಣು ಸಿಗಲಿ

ಮೊದಲು ಹೆಂಡತಿಯ ಮಾತು ಕೇಳೋಣ. ಲೆನಿನ್ ತೀರಿಕೊಂಡು ಇನ್ನೂ ಹತ್ತು ದಿನ ಆಗಿರಲಿಲ್ಲ. ನಾದೆಝ್ದಾ ಕ್ರುಪ್‌ಸ್ಕಾಯಾ 'ಪ್ರಾವ್ದಾ' ಪತ್ರಿಕೆಗೆ ಒಂದು ಸಣ್ಣ ಪತ್ರ ಬರೆದರು. ನಿಮ್ಮ ದುಃಖವನ್ನು ಪೂಜೆ ಮಾಡಿಬಿಡಬೇಡಿ, ಅವರ ಹೆಸರಲ್ಲಿ ಸ್ಮಾರಕ ಕಟ್ಟಬೇಡಿ, ಬದುಕಿದ್ದಾಗ ಅವರು ಇದಕ್ಕೆಲ್ಲ ಬೆಲೆ ಕೊಡುತ್ತಿರಲಿಲ್ಲ ಎಂದು ಕೇಳಿಕೊಂಡರು. ಏನಾದರೂ ಕಟ್ಟಲೇಬೇಕು ಅನ್ನಿಸಿದರೆ ಶಿಶುವಿಹಾರ ಕಟ್ಟಿ, ಮನೆ ಕಟ್ಟಿ, ಶಾಲೆ ಕಟ್ಟಿ ಎಂದರು. ಪತ್ರ ಅಚ್ಚಾಯಿತು. ಮಾತು ನಡೆಯಲಿಲ್ಲ. ಮಾರ್ಚ್‌ನಲ್ಲಿ ಅಂಗರಚನಾ ತಜ್ಞ ವೊರೊಬ್ಯೋವ್ ಮತ್ತು ರಸಾಯನ ವಿಜ್ಞಾನಿ ಬೋರಿಸ್ ಝ್ಬಾರ್ಸ್ಕಿ ದೇಹ ಕೆಡದಂತೆ ಮಾಡುವ ಕೆಲಸಕ್ಕೆ ಕೈಹಾಕಿದರು. ಆಗಸ್ಟ್ 1ಕ್ಕೆ ಜನರ ಸಾಲು ಶುರುವಾಯಿತು.

ಗಂಡನನ್ನು ಕಳೆದುಕೊಂಡ ಹೆಂಗಸಿನ ಮಾತನ್ನು ಲೆನಿನ್ ಕಟ್ಟಿದ ಕಮ್ಯುನಿಸ್ಟ್ ಪಕ್ಷವೇ ತಳ್ಳಿಹಾಕಿತು. ನನ್ನ ಮಟ್ಟಿಗೆ ಇಷ್ಟೇ ಸಾಕು. ಆದರೂ ಇನ್ನೊಂದು ವಿಷಯ ಹೇಳಲೇಬೇಕು.

ಅಧಿಕಾರಕ್ಕೆ ಬಂದ ಹೊಸದರಲ್ಲಿ ಬೊಲ್ಶೆವಿಕರು, ಅಂದರೆ ಇದೇ ಪಕ್ಷದವರು, ಮಠಗಳಿಗೆ ಹೋಗಿ ಸಂತರ ಶವಪೆಟ್ಟಿಗೆಗಳನ್ನು ತೆರೆಸಿದರು. ಸಂತರ ದೇಹ ಕೆಡುವುದಿಲ್ಲ ಅಂತ ಹಳ್ಳಿಯ ಜನ ನಂಬಿದ್ದರು. ಒಳಗಿರುವುದು ಬರೀ ಮೂಳೆ, ನೋಡಿ ಅಂತ ತೋರಿಸುವುದು ಇವರ ಉದ್ದೇಶ. 1919ರ ಏಪ್ರಿಲ್‌ನಲ್ಲಿ ರಷ್ಯನ್ನರಿಗೆ ಬಹಳ ಪ್ರೀತಿಯ ಸಂತ ರಾದೊನೆಝ್‌ನ ಸೆರ್ಗಿಯ ಪೆಟ್ಟಿಗೆ ತೆರೆದು, ಅದನ್ನು ಕ್ಯಾಮೆರಾದಲ್ಲಿ ಹಿಡಿದರು. ಇದೆಲ್ಲ ಆಗಿ ಐದೇ ವರ್ಷ. ಅದೇ ಪಕ್ಷ ತನ್ನ ನಾಯಕನನ್ನು ಕೆಡದ ದೇಹ ಮಾಡಿ ಗಾಜಿನೊಳಗೆ ಮಲಗಿಸಿತು. ಲೆನಿನ್ ಜೀವಮಾನವಿಡೀ ಯಾವುದನ್ನು ಮೂಢನಂಬಿಕೆ ಎಂದು ಬೈದರೋ, ಸತ್ತ ಮೇಲೆ ಅವರನ್ನೇ ಅದಾಗಿ ಮಾಡಿಬಿಟ್ಟರು. ಅವರ ವಿಚಾರದ ಮೇಲೆ ಗೌರವ ಇರುವವರೇ ಮೊದಲು ಈ ಮಣ್ಣಿಗಾಗಿ ಕೇಳಬೇಕು, ಅಲ್ವಾ?

ಗಾಜಿನೊಳಗೆ ಈಗ ಉಳಿದಿರುವುದಾದರೂ ಏನು? ಮೆದುಳು ಆಗಲೇ ಪ್ರಯೋಗಾಲಯ ಸೇರಿತು. ಒಳಗಿನ ಅಂಗಗಳಿಲ್ಲ. ಆಗಾಗ ದೇಹವನ್ನು ಹೊರಗೆ ತೆಗೆದು ಗ್ಲಿಸರಿನ್ ಮತ್ತು ಪೊಟ್ಯಾಸಿಯಂ ಅಸಿಟೇಟ್ ಬೆರೆಸಿದ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಡುತ್ತಾರೆ. 2016ರಲ್ಲಿ ಸರ್ಕಾರ ಇದಕ್ಕೆ ಎತ್ತಿಟ್ಟ ಹಣ 1 ಕೋಟಿ 30 ಲಕ್ಷ ರೂಬಲ್. ದೇಶಕ್ಕೆ ಅದು ಜಾಸ್ತಿ ಹಣವೇನಲ್ಲ. ನನಗೆ ನೋವಾಗುವುದು ಹಣಕ್ಕಲ್ಲ, ಆ ದೇಹದ ಪಾಡಿಗೆ.

ನಮ್ಮ ಹಳ್ಳಿಗಳಲ್ಲಿ 'ಮಣ್ಣಿಗೆ ಹೋಗಿಬಂದೆ' ಅಂತೀವಿ. ವರ್ಷಗಟ್ಟಲೆ ಮಾತು ಬಿಟ್ಟವನೂ ಅವತ್ತು ಬಂದು ಕುಣಿಯ ಅಂಚಿನಲ್ಲಿ ನಿಂತು ಒಂದು ಹಿಡಿ ಮಣ್ಣು ಹಾಕುತ್ತಾನೆ. ರಷ್ಯಾದಲ್ಲೂ ಹಾಗೆಯೇ. ಪೆಟ್ಟಿಗೆ ಕೆಳಗಿಳಿದ ಮೇಲೆ ಬಂದವರೆಲ್ಲ ಒಂದೊಂದು ಹಿಡಿ ಹಾಕುತ್ತಾರೆ. ಲೆನಿನ್ ಮೇಲೆ ಸಿಟ್ಟಿರುವವರು ಅಲ್ಲಿ ಕಡಿಮೆಯೇನಿಲ್ಲ. ಬೊಲ್ಶೆವಿಕರು ವಿರೋಧಿಗಳನ್ನು ಕೊಂದ 1918ರ ಕೆಂಪು ಭಯೋತ್ಪಾದನೆಯಲ್ಲಿ ಗುಂಡಿಗೆ ಸತ್ತವರ ಮನೆಯವರಿದ್ದಾರೆ. 1921ರಲ್ಲಿ ಕ್ರೋನ್‌ಷ್ಟಾಟ್ ನೌಕಾನೆಲೆಯಲ್ಲಿ ದಂಗೆ ಎದ್ದ ನಾವಿಕರು ಕ್ರಾಂತಿಗೇ ಹೆಗಲು ಕೊಟ್ಟ ಜನ. ಹಿಮಗಟ್ಟಿದ ಸಮುದ್ರದ ಮೇಲೆ ಸೈನ್ಯ ಕಳಿಸಿ ಅವರನ್ನು ಬಗ್ಗುಬಡಿದರು. ಈ ಸಿಟ್ಟು ಇಳಿಯಬೇಕಾದರೂ ಒಂದು ಕುಣಿ ಬೇಕು.

1918ರ ಜುಲೈ 17ರಂದು ಬೊಲ್ಶೆವಿಕರು ತ್ಸಾರ್ ನಿಕೊಲಾಸ್‌ನನ್ನು ಹೆಂಡತಿ ಮಕ್ಕಳ ಸಮೇತ ಕೊಂದರು. ಸರಿಯಾಗಿ 80 ವರ್ಷದ ಮೇಲೆ, 1998ರ ಅದೇ ದಿನ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇಬ್ಬರು ಮಕ್ಕಳನ್ನು ಬಿಟ್ಟು ಉಳಿದವರಿಗೆ ಮಣ್ಣಾಯಿತು. ಅಧ್ಯಕ್ಷ ಯೆಲ್ತ್ಸಿನ್ ಬಂದು ತಲೆಬಾಗಿದರು. ಅದೇ ಊರಿನ ವೋಲ್ಕೊವೊ ಸ್ಮಶಾನದಲ್ಲಿ ಲೆನಿನ್ ತಾಯಿ ಮರಿಯಾ ಉಲ್ಯಾನೊವಾ ಇದ್ದಾರೆ. ಮಗನನ್ನು ಅವರ ಪಕ್ಕ ಮಲಗಿಸಲಿ.

ವಿರೋಧ: ಈ ಕೈಗಳಿಂದ ಬೇಡ

ತಾಯಿಯ ಪಕ್ಕ ಮಲಗಿಸಿ ಅನ್ನುವ ಮಾತು ಕಣ್ಣಲ್ಲಿ ನೀರು ತರಿಸುತ್ತದೆ. ಆದರೆ ಲೆನಿನ್ ಹಾಗೆ ಬರೆದಿಟ್ಟ ಒಂದು ಚೀಟಿಯನ್ನೂ ಯಾರೂ ತೋರಿಸಿಲ್ಲ. ಇನ್ನು ಕ್ರುಪ್‌ಸ್ಕಾಯಾ. 1939ರಲ್ಲಿ ತೀರಿಕೊಂಡ ಅವರ ಬೂದಿ ಇರುವುದು ಅದೇ ಸಮಾಧಿ ಮಂದಿರದ ಹಿಂದಿನ ಕ್ರೆಮ್ಲಿನ್ ಗೋಡೆಯಲ್ಲಿ. ಗಂಡನನ್ನು ಪೀಟರ್ಸ್‌ಬರ್ಗ್‌ಗೆ ಒಯ್ದರೆ ಹೆಂಡತಿ ಮಾಸ್ಕೋದಲ್ಲಿ ಒಬ್ಬರೇ ಉಳಿಯುತ್ತಾರೆ. ಹೆಂಡತಿಯ ಹೆಸರು ಹೇಳಿ ಈ ಕೆಲಸ ಮಾಡುವುದು ನನಗೆ ಸರಿಕಾಣುವುದಿಲ್ಲ.

ದೇಹ ಇರುವ ಕೋಣೆ ನೆಲದ ಮಟ್ಟಕ್ಕಿಂತ ಕೆಳಗಿದೆ. ಸುತ್ತ ಇರುವುದು ಸ್ಮಶಾನವೇ. ಗಗನಯಾತ್ರಿ ಗಗಾರಿನ್, ಸೇನಾಪತಿ ಜುಕೋವ್ ಎಲ್ಲ ಅದೇ ಗೋಡೆಯಲ್ಲಿದ್ದಾರೆ. ಒಬ್ಬರನ್ನು ಎಬ್ಬಿಸಿದರೆ ಮುಂದೆ ಯಾರು?

ಆ ಕಲ್ಲಿನ ಮುಂದೆ ನಡೆದದ್ದನ್ನೂ ನೆನೆಯಬೇಕು. 1941ರ ಜುಲೈನಲ್ಲಿ, ಜರ್ಮನ್ನರು ಬರುತ್ತಿದ್ದಾರೆಂದು, ಲೆನಿನ್ ದೇಹವನ್ನು ಗುಟ್ಟಾಗಿ ರೈಲಿನಲ್ಲಿ ಸೈಬೀರಿಯಾದ ತ್ಯುಮೆನ್‌ಗೆ ಸಾಗಿಸಿದರು. ನವೆಂಬರ್ 7ರಂದು ಸೈನಿಕರು ಕೆಂಪು ಚೌಕದಲ್ಲಿ ಸಾಲಾಗಿ ನಡೆದು ಹಾಗೇ ಯುದ್ಧಕ್ಕೆ ಹೋದರು. ಅವರು ದಾಟಿದ ಸಮಾಧಿ ಖಾಲಿಯಾಗಿತ್ತು. 1945ರ ಜೂನ್ 24ರಂದು, ಗೆದ್ದು ಬಂದವರು ನಾಜಿ ಸೈನ್ಯದ ಬಾವುಟಗಳನ್ನು ತಂದು ಅದೇ ಕಟ್ಟಡದ ಬುಡಕ್ಕೆ ಎಸೆದರು. ಆ ಯುದ್ಧದಲ್ಲಿ ಸತ್ತ ಸೋವಿಯತ್ ಜನ ಸುಮಾರು 2 ಕೋಟಿ 70 ಲಕ್ಷ. ಆ ಮನೆಗಳವರಿಗೆ ಅದು ಲೆನಿನ್ ಒಬ್ಬರ ಗೋರಿಯಲ್ಲ.

ಇಷ್ಟಾದರೂ ನನ್ನ ನಿಜವಾದ ಅಡ್ಡಿ ಬೇರೆಯೇ. ಯಾವ ಕೈ ಮಣ್ಣು ಹಾಕುತ್ತದೆ ಅನ್ನುವುದು ಅದು.

1961ರ ಅಕ್ಟೋಬರ್ ನೆನಪಿಸಿಕೊಳ್ಳಿ. ಎಂಟು ವರ್ಷದಿಂದ ಲೆನಿನ್ ಪಕ್ಕದಲ್ಲಿ ಸ್ಟಾಲಿನ್ ದೇಹವೂ ಇತ್ತು. ಪಕ್ಷದ ಮಹಾಧಿವೇಶನದಲ್ಲಿ ದೋರಾ ಲಜುರ್ಕಿನಾ ಅನ್ನುವ ಹಿರಿಯ ಸದಸ್ಯೆ ಎದ್ದು ನಿಂತರು. ಸ್ಟಾಲಿನ್ ಕಾಲದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವರು. ಪಕ್ಷಕ್ಕೆ ಇಷ್ಟು ಕೇಡು ತಂದವನ ಪಕ್ಕ ಮಲಗಲು ನನಗೆ ಇಷ್ಟವಿಲ್ಲ ಅಂತ ಲೆನಿನ್ ತನ್ನೊಂದಿಗೆ ಹೇಳಿದಂತಾಯಿತು ಎಂದರು. 31ರ ರಾತ್ರಿ, ಕತ್ತಲಲ್ಲಿ, ಸ್ಟಾಲಿನ್ ದೇಹವನ್ನು ತೆಗೆದು ಹಿಂದೆ ಹೂತರು. ದೇಹ ಮಣ್ಣಾಯಿತು. ಸ್ಟಾಲಿನ್ ಕಾಲದಲ್ಲಿ ಕೊಲೆಯಾದವರ ಹೆಸರುಗಳು, ಗುಂಡಿಕ್ಕಿದ ಜಾಗಗಳು ಕಡತದಲ್ಲೇ ಉಳಿದವು.

ಈಗಿನ ಅರಸೊತ್ತಿಗೆಗೆ ಲೆನಿನ್ ಮೇಲೆ ಇರುವ ಸಿಟ್ಟು ಯಾಕೆ? 2001ರಲ್ಲಿ ಪುಟಿನ್ ಮಾತು ಬೇರೆ ಇತ್ತು. ಮಣ್ಣು ಮಾಡಿದರೆ ಎಷ್ಟೋ ಜನರಿಗೆ ತಮ್ಮ ಬದುಕೇ ವ್ಯರ್ಥವಾಯಿತು ಅನ್ನಿಸುತ್ತದೆ ಎಂದಿದ್ದರು. ಆ ಮಾತು ನನಗೂ ಒಪ್ಪಿಗೆ. 2016ರ ಹೊತ್ತಿಗೆ, ರಷ್ಯಾದ ಅಡಿಪಾಯದಲ್ಲಿ ಲೆನಿನ್ ಅಣುಬಾಂಬ್ ಇಟ್ಟರು ಎಂದರು. 2022ರ ಫೆಬ್ರವರಿ 21ರಂದು, ಯುದ್ಧಕ್ಕೆ ಮೂರು ದಿನ ಮುಂಚೆ, ಉಕ್ರೇನ್ ಲೆನಿನ್ ಮಾಡಿದ ದೇಶ ಎಂದರು. ಸೋವಿಯತ್ ಒಕ್ಕೂಟದ ಗಣರಾಜ್ಯಗಳಿಗೆ ಒಕ್ಕೂಟ ಬಿಟ್ಟುಹೋಗುವ ಹಕ್ಕು ಕೊಟ್ಟದ್ದೇ ಲೆನಿನ್ ಮಾಡಿದ ತಪ್ಪಂತೆ. ಕ್ರೋನ್‌ಷ್ಟಾಟ್ ನಾವಿಕರಿಗಾಗಿ ಅಲ್ಲ, ಹಳ್ಳಿಯ ಪಾದ್ರಿಗಳಿಗಾಗಿ ಅಲ್ಲ. ಸಾಮ್ರಾಜ್ಯ ಒಡೆಯಲು ದಾರಿ ಬಿಟ್ಟರಲ್ಲ ಅಂತ ಈ ಕೋಪ. ಅಂಥ ಕೋಪದಲ್ಲಿ ಅಗೆದ ಕುಣಿಯಿಂದ ಯಾರ ನೋವೂ ಇಳಿಯುವುದಿಲ್ಲ. ಈಗಲೂ ಪ್ರತಿ ಮೇ 9ರ ಮೆರವಣಿಗೆಯಲ್ಲಿ ಸಮಾಧಿ ಮಂದಿರವನ್ನು ಬಣ್ಣದ ಹಲಗೆಗಳಿಂದ ಮುಚ್ಚುತ್ತಾರೆ. ಮರೆಮಾಡುವುದು ಅವರಿಗೆ ಚೆನ್ನಾಗಿ ಗೊತ್ತು.

ಸ್ಟಾಲಿನ್ ಕಾಲದಲ್ಲಿ ಸತ್ತವರ ಹೆಸರು ಹುಡುಕುತ್ತಿದ್ದ 'ಮೆಮೋರಿಯಲ್' ಸಂಸ್ಥೆಯನ್ನು 2021ರ ಡಿಸೆಂಬರ್‌ನಲ್ಲಿ ರಷ್ಯಾದ ಸುಪ್ರೀಂ ಕೋರ್ಟ್ ಮುಚ್ಚಿಸಿತು. 1997ರಲ್ಲಿ ಕರೇಲಿಯಾದ ಕಾಡಿನಲ್ಲಿ ಸಂದರ್ಮೋಖ್ ಅನ್ನುವ ಜಾಗ ಹುಡುಕಿದವರಲ್ಲಿ ಆ ಸಂಸ್ಥೆಯವರೂ ಇದ್ದರು. 1937 ಮತ್ತು 1938ರಲ್ಲಿ ಸಾವಿರಾರು ಜನರನ್ನು ಗುಂಡಿಕ್ಕಿ ಹೂತ ಜಾಗ. ಅಲ್ಲಿ ಪೈನ್ ಮರಗಳಿಗೆ, ಮರದ ಕಂಬಗಳಿಗೆ ಮನೆಯವರು ಪುಟ್ಟ ಪುಟ್ಟ ಫೋಟೋ ಹೊಡೆದಿದ್ದಾರೆ. ಯಾರ ಮೂಳೆ ಯಾವ ಕುಣಿಯಲ್ಲಿದೆ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ಪ್ರತಿ ವರ್ಷ ಆಗಸ್ಟ್ 5ಕ್ಕೆ ಹೋಗಿ, ಯಾವುದೋ ಒಂದು ಕುಣಿಯ ಮುಂದೆ ನಿಂತು, ಇದೇ ಇರಬಹುದು ಅಂದುಕೊಂಡು ಹೂವಿಟ್ಟು ಬರುತ್ತಾರೆ.