ಸತ್ಯಾಂಶ: ಫ್ಲ್ಯಾಶ್‌ಗೆ ನಾಯಿಯ ಕಣ್ಣು ಹೋಗುತ್ತದೆಯೇ?

ಫ್ಲ್ಯಾಶ್ ಹಾಕಿ ಫೋಟೊ ತೆಗೆದರೆ ಸಾಕುನಾಯಿ ಕುರುಡಾಗುತ್ತದೆ, ಫೋಟೊದಲ್ಲಿ ಹಸಿರಾಗಿ ಹೊಳೆಯುವ ಕಣ್ಣೇ ಅದಕ್ಕೆ ಸಾಕ್ಷಿ ಎನ್ನುವ ಸಂದೇಶ ಆಗಾಗ ವಾಟ್ಸ್‌ಆ್ಯಪ್‌ಗೆ ಬರುತ್ತಲೇ ಇರುತ್ತದೆ. ನಾಯಿಯ ಮೇಲಿನ ಅಕ್ಕರೆಯಿಂದಲೇ ಜನ ಕಳಿಸುತ್ತಾರೆ, ಆದರೆ ವಿಷಯ ಸರಿಯಲ್ಲ.

ಆ ಹೊಳಪು ಗಾಯವಲ್ಲ. ನಾಯಿಯ ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವೊಂದಿದೆ, ಹೆಸರು ಟ್ಯಾಪೀಟಮ್ ಲೂಸಿಡಮ್. ಒಳಹೊಕ್ಕ ಬೆಳಕನ್ನು ಅದು ಹಿಂದಕ್ಕೆ ಎಸೆಯುವುದರಿಂದ ಮಬ್ಬುಗತ್ತಲಲ್ಲೂ ನಾಯಿಗೆ ಚೆನ್ನಾಗಿ ಕಾಣುತ್ತದೆ. ನೀಲಿ ಕಣ್ಣಿನ ಕೆಲವು ನಾಯಿಗಳಲ್ಲಿ ಈ ಪದರ ಇರುವುದಿಲ್ಲ. ಅವುಗಳ ಕಣ್ಣು ಫೋಟೊದಲ್ಲಿ ನಮ್ಮದರಂತೆ ಕೆಂಪಾಗಿ ಬೀಳುತ್ತದೆ.

ನೀವೇ ನೋಡಬಹುದು. ರಾತ್ರಿ ದೂರದಿಂದ ಕೊಟ್ಟಿಗೆಯತ್ತ ಟಾರ್ಚ್ ಹಾಯಿಸಿ, ದನದ ಕಣ್ಣೂ ಮಿನುಗುತ್ತದೆ. ಅದೇ ನಾಯಿಯನ್ನು ಹಗಲು ಅಂಗಳದಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆದರೆ ಹಸಿರು ಮಾಯ. ಸಂದೇಶದ ಜೊತೆ ಬಂದ ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದು ಬೇರೆಲ್ಲಿ ಬಳಕೆಯಾಗಿದೆ ಎಂಬ ಸುಳಿವೂ ಸಿಗಬಹುದು.

ಹಾಗೆಂದು ಮೂತಿಯ ಹತ್ತಿರವೇ ಫ್ಲ್ಯಾಶ್ ಹೊಡೆಯಬೇಕಿಲ್ಲ. ಕ್ಷಣಕಾಲ ಕಣ್ಣು ಕೋರೈಸುತ್ತದೆ, ಕೆಲವು ನಾಯಿ ಬೆಚ್ಚಿ ಮಂಚದಡಿ ಸೇರುತ್ತವೆ. ಮನೆಯೊಳಗಾದರೆ ಕಿಟಕಿ ಪಕ್ಕ ಕೂರಿಸಿ. ಫೋಟೊನೂ ಚೆಂದ ಬರುತ್ತದೆ. ಆದರೆ ಹಗಲಲ್ಲೇ ಕಣ್ಣು ಬೆಳ್ಳಗೆ ಮಸುಕಾಗಿ ಕಂಡರೆ ಪಶುವೈದ್ಯರಿಗೆ ತೋರಿಸಿ.