ಕಣ್ಣಿಗೆ ಹಾಕೋ ಲೆನ್ಸ್‌ಗೆ ಅಳತೆ ಬೇಡ್ವಾ?

"ಅಭ್ಯಾಸ ಆಗುತ್ತೆ ಬಿಡಿ." ಕಾಂಟ್ಯಾಕ್ಟ್ ಲೆನ್ಸ್ ಮಾರೋರ ಬಾಯಲ್ಲಿ ಈ ಮಾತು ಇನ್ನೊಂದು ಸಲ ಕೇಳಿದ್ರೆ ನಾನಂತೂ ಸುಮ್ಮನಿರಲ್ಲ. ಕಣ್ಣು ಕೆಂಪಗಾಗಿದೆ ಅಂದ್ರೂ ಅಭ್ಯಾಸ ಆಗುತ್ತೆ. ಸಂಜೆ ಹೊತ್ತಿಗೆ ತಲೆ ಸಿಡಿಯುತ್ತೆ ಅಂದ್ರೂ ಅಭ್ಯಾಸ ಆಗುತ್ತೆ. ರಾತ್ರಿ ಒಂದು ದೀಪ ಎರಡಾಗಿ ಕಾಣುತ್ತೆ ಅಂದ್ರೂ ಅದೇ ಉತ್ತರ. ಏನು ಅಭ್ಯಾಸ ಆಗ್ಬೇಕು ಸ್ವಾಮಿ? ಸರಿಯಾಗಿ ಕಾಣದೇ ಇರೋದಾ?

ಹೊಸದಾಗಿ ಹಾಕೋರಿಗೆ ಮೊದಮೊದಲು ಕಣ್ಣಲ್ಲಿ ಏನೋ ಇದ್ದ ಹಾಗೆ ಅನ್ನಿಸುತ್ತೆ, ಕೆಲವು ದಿನಕ್ಕೆ ಹೋಗುತ್ತೆ. ಅದನ್ನ ಒಪ್ತೀನಿ. ಆದ್ರೆ ನೋವು, ಕೆಂಪು, ಮಂಜು ಇವೆಲ್ಲ ಸಹಿಸ್ಕೊಂಡು ಕೂರೋ ವಿಷಯ ಅಲ್ಲ. ತಕ್ಷಣ ಲೆನ್ಸ್ ತೆಗೆದು ಕಣ್ಣಿನ ಡಾಕ್ಟರಿಗೆ ತೋರಿಸ್ಬೇಕಾದ ಲಕ್ಷಣಗಳು.

ನಾನು ಲೆನ್ಸ್ ತಗೊಂಡ ಅಂಗಡಿಯಲ್ಲಿ ನಡೆದಿದ್ದು ಇಷ್ಟೇ. ನನ್ನ ಕನ್ನಡಕದ ಚೀಟಿ ನೋಡಿದ್ರು, ಅದೇ ನಂಬರಿನ ಎರಡು ಬಾಕ್ಸ್ ತೆಗೆದು ಕೌಂಟರ್ ಮೇಲಿಟ್ರು, ಬಿಲ್ ಹರಿದ್ರು. ನನ್ನ ಕಣ್ಣನ್ನ ಒಂದೇ ಒಂದು ಸಲ ನೋಡ್ಲಿಲ್ಲ.

ಕನ್ನಡಕದ ನಂಬರ್ರೇ ಲೆನ್ಸ್‌ನ ನಂಬರ್ ಅಲ್ಲ ಅನ್ನೋದು ಇದೇ ಕಸುಬು ಮಾಡೋರಿಗೆ ಗೊತ್ತಿಲ್ವಾ? ಕನ್ನಡಕ ಕಣ್ಣಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿ ಕೂತಿರುತ್ತೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತೆ. ಸಣ್ಣ ನಂಬರಿಗೆ ಈ ಅಂತರ ಲೆಕ್ಕಕ್ಕೆ ಬರಲ್ಲ, 4 ದಾಟಿದ ಮೇಲೆ ಬರುತ್ತೆ. ಕನ್ನಡಕದಲ್ಲಿ ಮೈನಸ್ 8 ಇದ್ರೆ ಲೆನ್ಸ್‌ನಲ್ಲಿ ಹತ್ತಿರಹತ್ತಿರ ಮೈನಸ್ 7.25 ಸಾಕು. ನನಗೆ 8 ಕೊಟ್ಟು ಕಳಿಸಿದ್ರು. ದಿನವಿಡೀ ಕಣ್ಣು ಹೆಣಗಾಡಿ ತಲೆನೋವು ಬರದೇ ಇನ್ನೇನು ಬರುತ್ತೆ?

ಚೀಟಿಯಲ್ಲಿ ಸಿಲಿಂಡರ್ ಬೇರೆ ಇತ್ತು, ಅಂದ್ರೆ ಕಣ್ಣಿನ ಬಾಗು ಎಲ್ಲಾ ದಿಕ್ಕಿಗೂ ಒಂದೇ ಸಮ ಇಲ್ದಿರೋದನ್ನ ಸರಿಪಡಿಸೋ ನಂಬರ್, 1.75. "ಸ್ವಲ್ಪಾನೇ ಇದೆ, ಬೇಕಾಗಲ್ಲ" ಅಂದ್ರು. ಸಿಲಿಂಡರ್ ಇರೋರಿಗೆ ಅಂತಾನೇ ಟೋರಿಕ್ ಲೆನ್ಸ್ ಇರೋದು. ಅದು ಕಣ್ಣಲ್ಲಿ ತಿರುಗದೆ ಒಂದೇ ಕೋನದಲ್ಲಿ, ಅಂದ್ರೆ ಒಂದೇ ಆಕ್ಸಿಸ್‌ನಲ್ಲಿ ನಿಲ್ಲೋ ಹಾಗೆ ಮಾಡಿರ್ತಾರೆ, ನಿಂತಿದೆಯಾ ಅಂತ ನೋಡೋಕೆ ಸಣ್ಣ ಗುರುತೂ ಹಾಕಿರ್ತಾರೆ. ಅವರ ಹತ್ರ ಸ್ಟಾಕ್ ಇರ್ಲಿಲ್ಲ, ಅದಕ್ಕೆ ನನಗೆ ಬೇಕಾಗಲ್ಲ. ಅಕ್ಷರದ ಪಕ್ಕದಲ್ಲಿ ಇನ್ನೊಂದು ಮಸುಕು ಅಕ್ಷರ ಇಟ್ಕೊಂಡು ಓದ್ಬೇಕಾಗಿದ್ದು ಅವರಲ್ಲವಲ್ಲ!

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಬೇಸ್ ಕರ್ವ್. ಬಾಕ್ಸ್ ಪಕ್ಕದಲ್ಲೇ ಅಚ್ಚಾಗಿರುತ್ತೆ, 8.4, 8.6 ಅಂತ. ಲೆನ್ಸ್‌ನ ಬಾಗು ಎಷ್ಟು ಅನ್ನೋ ಅಳತೆ ಅದು. ಕಾಲಿನ ಅಳತೆ ನೋಡದೆ ಚಪ್ಪಲಿ ಕೊಡೋಕೆ ಹಿಂದೆಮುಂದೆ ನೋಡ್ತಾರೆ, ಕಣ್ಣಿಗೆ ಮಾತ್ರ ಸಿಕ್ಕಿದ್ದನ್ನ ಕೊಡ್ತಾರೆ. ಸರಿಯಾಗಿ ಕೂತ ಲೆನ್ಸ್ ರೆಪ್ಪೆ ಬಡಿದಾಗೆಲ್ಲ ಒಂಚೂರು ಅಲುಗಬೇಕು. ಕಣ್ಣಿನ ಮುಂದಿರೋ ಪಾರದರ್ಶಕ ಪದರ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಆಮ್ಲಜನಕ ಬರೋದು ಹೆಚ್ಚಾಗಿ ಹೊರಗಿನ ಗಾಳಿಯಿಂದ, ಕಣ್ಣೀರಿನ ಪದರದ ಮೂಲಕ. ಲೆನ್ಸ್ ಬಿಗಿಯಾಗಿ ಕಚ್ಕೊಂಡ್ರೆ ಅದರಡಿಯ ಕಣ್ಣೀರು ಅಲ್ಲೇ ನಿಂತುಬಿಡುತ್ತೆ. ನನ್ನ ಲೆನ್ಸ್ ಕಚ್ಕೊಂಡೇ ಇತ್ತು. ಸಂಜೆ ತೆಗೆದು ಕನ್ನಡಿ ನೋಡಿದ್ರೆ ಬಿಳಿಗುಡ್ಡೆ ಮೇಲೆ ಲೆನ್ಸ್‌ನ ಅಂಚಿನ ಗುರುತು ಉಂಗುರದ ಹಾಗೆ ಒತ್ತಿ ಕೂತಿರೋದು, ಅದರ ಸುತ್ತ ಕೆಂಪು ಎಳೆಗಳು. ಇದನ್ನೇ ಹೋಗಿ ತೋರಿಸಿದ್ರೆ ಏನಂದ್ರು ಗೊತ್ತಾ? "ಮೊಬೈಲ್ ಜಾಸ್ತಿ ನೋಡ್ತೀರಾ ಅನ್ಸುತ್ತೆ."

ಕೊನೆಗೆ ಕಣ್ಣಿನ ಡಾಕ್ಟರು ಕಣ್ಣನ್ನ ದೊಡ್ಡದಾಗಿಸಿ ತೋರಿಸೋ ಸ್ಲಿಟ್ ಲ್ಯಾಂಪ್‌ನಲ್ಲಿ ಒಂದು ನಿಮಿಷ ನೋಡಿ, ಲೆನ್ಸ್ ಬಿಗಿ ಇದೆ, ನಂಬರೂ ತಪ್ಪು, ಇವತ್ತಿಂದಲೇ ನಿಲ್ಲಿಸಿ ಅಂದ್ರು. ಒಂದು ನಿಮಿಷದ ಕೆಲಸ! ಅದನ್ನ ಮಾರೋ ಮೊದಲೇ ಮಾಡೋಕೆ ಇವರಿಗೇನು ರೋಗ?

ಇನ್ನು ಬಳಸೋ ರೀತಿ ಬಗ್ಗೆ ಹೇಳಿಕೊಟ್ಟಿದ್ದು ನೆನೆಸ್ಕೊಂಡ್ರೆ ಈಗ್ಲೂ ಮೈ ಉರಿಯುತ್ತೆ. ಲೆನ್ಸ್ ತೊಳೆದಿಡೋ ಸಲ್ಯೂಷನ್ ಖಾಲಿಯಾದ್ರೆ ಒಂದಿನ ನೀರಲ್ಲಿ ತೊಳೆದು ಹಾಕ್ಕೊಳ್ಳಿ ಅಂತೆ. ನಲ್ಲಿ ನೀರಲ್ಲಿ ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿ ಇರಬಹುದು. ಅದು ಲೆನ್ಸ್ ಜೊತೆ ಕಾರ್ನಿಯಾಗೆ ಸೇರ್ಕೊಂಡ್ರೆ ತಿಂಗಳುಗಟ್ಟಲೆ ಔಷಧಿ ಹಾಕ್ಬೇಕು, ದೃಷ್ಟಿ ಹೋದೋರೂ ಇದ್ದಾರೆ. ಲೆನ್ಸ್ ಹಾಕ್ಕೊಂಡು ಸ್ನಾನ ಮಾಡ್ಬಾರದು, ಈಜಬಾರದು, ಮಲಗಬಾರದು, ಕೇಸ್‌ನಲ್ಲಿರೋ ಹಳೇ ಸಲ್ಯೂಷನ್ ಮೇಲೆ ಹೊಸದು ಸುರೀಬಾರದು. ಇದರಲ್ಲಿ ಒಂದನ್ನೂ ಅವರು ಹೇಳ್ಲಿಲ್ಲ. ಬಣ್ಣದ ಲೆನ್ಸ್ ಬೇಕಾ ಅಂತ ಮಾತ್ರ ಮರೀದೆ ಕೇಳಿದ್ರು.

ಇದೆಲ್ಲ ಹೇಳ್ಕೊಂಡ್ರೆ "ಶೋಕಿಗೆ ಹಾಕ್ಕೊಂಡ್ರೆ ಹಿಂಗೇ" ಅನ್ನೋ ಮಂದಿ ಬೇರೆ. ಮೈನಸ್ 8ರ ಕನ್ನಡಕ ಹಾಕಿ ನೋಡಿ. ಎಲ್ಲಾ ಚಿಕ್ಕದಾಗಿ ಕಾಣುತ್ತೆ, ಫ್ರೇಮ್ ಆಚೆ ಏನಿದೆ ಅಂತಾನೇ ತಿಳಿಯಲ್ಲ. ನನಗಿದು ಶೋಕಿ ಅಲ್ಲ.

ಡಾಕ್ಟರ ಚೀಟಿ ಹಿಡ್ಕೊಂಡು ಅದೇ ಅಂಗಡಿಗೆ ಹೋಗಿ ಬಾಕ್ಸ್ ವಾಪಸ್ ಕೊಟ್ಟೆ. ಬಾಕ್ಸ್ ಓಪನ್ ಆಗಿದೆ, ತಗೊಳ್ಳಲ್ಲ ಅಂದ್ರು. ಟ್ರಯಲ್ ಲೆನ್ಸ್ ಹಾಕಿ ನೋಡೋಕೆ ಕೊಡಲಿಲ್ಲ, ಅಳತೆ ತಗೊಳ್ಳಲಿಲ್ಲ, ಇನ್ನು ಬಾಕ್ಸ್ ತೆರೀದೆ ಅದು ನನ್ನ ಕಣ್ಣಿಗೆ ಕೂರಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕಿತ್ತು?